ಪ್ರದರ್ಶನ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಸಿಯಂ ಮತ್ತು ಗ್ಯಾಲರಿಗಳ ಪ್ರದರ್ಶನಗಳಿಗೆ ಸ್ವತಂತ್ರವಾಗಿ ವಿನ್ಯಾಸ ಮಾಡಿಕೊಡುವುದು ನನ್ನ ವೃತ್ತಿ. ಉದ್ಘಾಟನೆಯ ದಿನ ಸಿಕ್ಕವರು, ಪತ್ರ ಬರೆದ ವಿದ್ಯಾರ್ಥಿಗಳು, ಊರಿನಲ್ಲೊಂದು ಸಂಗ್ರಹಾಲಯ ತೆರೆಯಲು ಹೊರಟ ಟ್ರಸ್ಟ್‌ನವರು, ಮಕ್ಕಳ ಓದಿನ ಚಿಂತೆಯಲ್ಲಿರುವ ತಂದೆತಾಯಂದಿರು ಕೇಳುತ್ತ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸರಳವಾದವು, ಕೆಳಗೆ ಹೋದಂತೆ ಈ ವೃತ್ತಿಯಲ್ಲೇ ಇರುವವರಿಗೆ ಬೇಕಾದವು.

## ಮೊದಲಿಗೆ

ಮೇಡಂ, ಚಿತ್ರ ಬರೆದವರು ಬೇರೆ, ಕಟ್ಟಡ ಕಟ್ಟಿದವರು ಬೇರೆ. ನಡುವೆ ನಿಮ್ಮ ಕೆಲಸ ಏನು?

ವಸ್ತುವಿಗೂ ಅದನ್ನು ನೋಡಲು ಬಂದವರಿಗೂ ನಡುವೆ ಇರುವುದೆಲ್ಲ ನನ್ನ ಕೆಲಸ. ಬಾಗಿಲು ದಾಟಿದವರು ಮೊದಲು ಯಾವ ಕಡೆ ತಿರುಗುತ್ತಾರೆ, ಎಷ್ಟು ದೂರದಲ್ಲಿ ನಿಲ್ಲುತ್ತಾರೆ, ಬೆಳಕು ಯಾವ ಮಗ್ಗುಲಿನಿಂದ ಬೀಳುತ್ತದೆ, ಲೇಬಲ್ ಓದಲು ಬಗ್ಗಬೇಕೇ, ಕಾಲು ಸೋತಾಗ ಕೂರಲು ಬೆಂಚು ಇದೆಯೇ, ಹಿಂದಿನಿಂದ ಬರುವ ಶಾಲಾ ಮಕ್ಕಳ ಸಾಲಿಗೆ ದಾರಿ ಉಳಿದಿದೆಯೇ ಎಂಬುದನ್ನೆಲ್ಲ ಮುಂಚೆಯೇ ಯೋಚಿಸಿ ನಕ್ಷೆ ಬರೆಯುತ್ತೇನೆ. ಆಮೇಲೆ ಬಡಗಿ, ವೆಲ್ಡರ್, ಎಲೆಕ್ಟ್ರಿಷಿಯನ್, ಮುದ್ರಕರ ಕೈಯಲ್ಲಿ ಅದನ್ನು ಮಾಡಿಸುತ್ತೇನೆ. ಪುಸ್ತಕವನ್ನು ಕುಳಿತು ಓದುತ್ತೇವೆ. ಪ್ರದರ್ಶನವನ್ನು ಜನ ನಿಂತು, ನಡೆದು, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಓದುತ್ತಾರೆ. ನನ್ನ ಪ್ರತಿಯೊಂದು ತೀರ್ಮಾನವೂ ಹಾಗೆ ನಿಂತವರ ಕಾಲು, ಕಣ್ಣುಗಳಿಂದ ಶುರುವಾಗುತ್ತದೆ.

ಕ್ಯೂರೇಟರ್ ಇದ್ದಮೇಲೆ ವಿನ್ಯಾಸಕಾರರು ಯಾಕೆ ಬೇಕು?

ಏನು ತೋರಿಸಬೇಕು, ಯಾಕೆ ತೋರಿಸಬೇಕು ಎಂಬುದು ಕ್ಯೂರೇಟರ್ ಅವರದು. ಹೇಗೆ ಕಾಣಬೇಕು, ಎಲ್ಲಿ ನಿಂತು ನೋಡಬೇಕು ಎಂಬುದು ನನ್ನದು. ನಡುವಿನ ಗೆರೆ ದಿನವೂ ಸರಿದಾಡುತ್ತದೆ, ಸರಿದಾಡಲೇಬೇಕು. ಕ್ಯೂರೇಟರ್ ಅರವತ್ತು ವಸ್ತುಗಳ ಪಟ್ಟಿ ಕೊಟ್ಟಾಗ ಕೋಣೆ ನಲವತ್ತನ್ನಷ್ಟೇ ತಾಳುತ್ತದೆ ಎಂದು ಹೇಳುವ ಧೈರ್ಯ ವಿನ್ಯಾಸಕಾರರಿಗಿರಬೇಕು. ಆ ನಲವತ್ತು ಯಾವುವು ಎಂದು ಆರಿಸುವ ಹಕ್ಕು ಮಾತ್ರ ಅವರದೇ.

ಗ್ಯಾಲರಿ ಕೆಲಸಕ್ಕೂ ಮ್ಯೂಸಿಯಂ ಕೆಲಸಕ್ಕೂ ವ್ಯತ್ಯಾಸ ಇದೆಯೇ?

ಗ್ಯಾಲರಿಯ ಪ್ರದರ್ಶನ ಕೆಲವು ವಾರಗಳದು. ಕಲಾವಿದರು ಪಕ್ಕದಲ್ಲೇ ಇರುತ್ತಾರೆ, ಬಿಳಿ ಗೋಡೆ ಸಿದ್ಧವಿರುತ್ತದೆ. ಮ್ಯೂಸಿಯಂನ ಕಾಯಂ ಪ್ರದರ್ಶನ ಹತ್ತಿಪ್ಪತ್ತು ವರ್ಷ ಹಾಗೆಯೇ ಉಳಿಯಬಹುದು. ಆದ್ದರಿಂದ ಅಲ್ಲಿ ಬಲ್ಬ್ ಬದಲಾಯಿಸುವುದು ಹೇಗೆ, ಗಾಜು ಒರೆಸುವವರ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ವಿನ್ಯಾಸದಲ್ಲೇ ಬರೆಯಬೇಕು.

ನನ್ನ ಮಗಳು ಪಿಯುಸಿಯಲ್ಲಿದ್ದಾಳೆ. ಇದಕ್ಕೆ ಏನು ಓದಿಸಬೇಕು?

ಒಂದೇ ದಾರಿ ಇಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ರದರ್ಶನ ವಿನ್ಯಾಸವನ್ನೇ ವಿಶೇಷವಾಗಿ ಕಲಿಸುತ್ತಾರೆ. 1961ರಲ್ಲಿ ಶುರುವಾದ ಆ ಸಂಸ್ಥೆ 1965ರಷ್ಟು ಹಿಂದೆಯೇ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಜೊತೆ ನೆಹರೂ ಬದುಕಿನ ದೊಡ್ಡ ಪ್ರದರ್ಶನವೊಂದನ್ನು ಕಟ್ಟಿತ್ತು. ನಮ್ಮ ದೇಶದಲ್ಲಿ ಈ ವೃತ್ತಿಗೆ ಅದು ಗಟ್ಟಿ ಬುನಾದಿ. ವಸ್ತುಸಂಗ್ರಹಾಲಯ ಶಾಸ್ತ್ರ ಬೇಕಿದ್ದರೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದ ಅದರದೇ ವಿಭಾಗವಿದೆ. ವಾಸ್ತುಶಿಲ್ಪ, ಗ್ರಾಫಿಕ್ ವಿನ್ಯಾಸ, ರಂಗಸಜ್ಜಿಕೆ ಕಲಿತು ಬಂದವರೂ ತುಂಬ ಜನರಿದ್ದಾರೆ. ರಂಗಭೂಮಿಯಿಂದ ಬಂದವರಿಗೆ ಬೆಳಕು ಚೆನ್ನಾಗಿ ಒಲಿದಿರುತ್ತದೆ.

ಯಾವುದನ್ನು ಓದಿದರೂ ಎರಡು ಅಭ್ಯಾಸ ಇರಲಿ: ಅಳತೆ ಟೇಪು ಹಿಡಿದು ಕೋಣೆ ಅಳೆಯುವುದು, ರಟ್ಟಿನಲ್ಲಿ ಮಾದರಿ ಮಾಡುವುದು. ನಕ್ಷೆ ಬರೆಯುವ ಸ್ಕೆಚ್‌ಅಪ್, ಆಟೋಕ್ಯಾಡ್ ತಂತ್ರಾಂಶಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಕೋಣೆಯ ಅಂದಾಜು ಮೈಗೂಡಲು ವರ್ಷಗಳು ಬೇಕು.

ಸಂಬಳದ ಕೆಲಸ ಬಿಟ್ಟು ಸ್ವತಂತ್ರವಾಗಿ ಮಾಡುವುದು ಯಾಕೆ?

ಈ ಕ್ಷೇತ್ರದಲ್ಲಿ ಕೆಲಸ ಬರುವುದೇ ಬಿಡಿಬಿಡಿಯಾಗಿ. ಒಂದು ಮ್ಯೂಸಿಯಂಗೆ ವರ್ಷವಿಡೀ ವಿನ್ಯಾಸಕಾರರು ಬೇಕಾಗುವುದು ಅಪರೂಪ. ನನಗೆ ಇದರಲ್ಲಿ ಇಷ್ಟವಾಗುವುದು ವಿಷಯ ಬದಲಾಗುತ್ತಿರುವುದು: ಒಮ್ಮೆ ರೇಷ್ಮೆ, ಇನ್ನೊಮ್ಮೆ ತಾಳೆಗರಿ, ಮತ್ತೊಮ್ಮೆ ಛಾಯಾಚಿತ್ರ. ಪ್ರತಿ ಸಲವೂ ಆ ವಿಷಯ ಬಲ್ಲವರ ಎದುರು ಕುಳಿತು ಮೊದಲಿನಿಂದ ಕಲಿಯಬೇಕು. ಕಷ್ಟ ಇರುವುದು ಹಣ ಬರುವ ಕಾಲದಲ್ಲಿ. ಅದನ್ನು ಕೆಳಗೆ ಬಿಡಿಸಿ ಬರೆದಿದ್ದೇನೆ.

## ಕೆಲಸದ ಒಳಗೆ

ಒಂದು ಪ್ರದರ್ಶನ ತಯಾರಾಗುವುದು ಯಾವ ಕ್ರಮದಲ್ಲಿ?

ಮೊದಲು ವಸ್ತುಪಟ್ಟಿ. ಪ್ರತಿ ವಸ್ತುವಿನ ಉದ್ದ, ಅಗಲ, ಎತ್ತರ, ತೂಕ, ಯಾವುದರಿಂದ ಮಾಡಿದ್ದು, ಯಾವ ಸ್ಥಿತಿಯಲ್ಲಿದೆ ಎಂಬುದು ಅದರಲ್ಲಿರಬೇಕು. ಪಟ್ಟಿ ಬರುವ ಮೊದಲು ಬಣ್ಣಗಳ ಬಗ್ಗೆ ಮಾತನಾಡುವವರನ್ನು ನಾನು ಮೆಲ್ಲಗೆ ತಡೆಯುತ್ತೇನೆ. ನಂತರ ಕಥಾಸೂತ್ರ: ಕ್ಯೂರೇಟರ್ ಜೊತೆ ಕುಳಿತು ಯಾವುದರ ಪಕ್ಕ ಯಾವುದು ಎಂದು ಗುಂಪು ಮಾಡುವುದು. ಆಮೇಲೆ ನೆಲನಕ್ಷೆ, ರಟ್ಟಿನ ಮಾದರಿ, ಗೋಡೆಗಳ ನಕ್ಷೆ, ಬೆಳಕಿನ ನಕ್ಷೆ. ಅನುಮತಿ ಸಿಕ್ಕಮೇಲೆ ಕೆಲಸಗಾರರಿಗೆ ಕೊಡುವ ವಿವರ ನಕ್ಷೆ ಮತ್ತು ಸಾಮಗ್ರಿಗಳ ಪ್ರಮಾಣಪಟ್ಟಿ. ಅಲ್ಲಿಂದ ಮುಂದೆ ವರ್ಕ್‌ಶಾಪ್, ಧೂಳು, ಫೋನ್ ಕರೆಗಳು.

ಎಲ್ಲರೂ ಬಿಟ್ಟುಬಿಡುವ ಒಂದು ಹಂತವಿದೆ. ಗೋಡೆಯ ಮೇಲೆ ನಿಜ ಅಳತೆಯ ಕಾಗದ ಅಂಟಿಸಿ ಒಂದು ಇಡೀ ದಿನ ಹಾಗೆಯೇ ಬಿಡುವುದು. ಕಾವಲುಗಾರರು, ಕಸ ಗುಡಿಸುವವರು ಹಾದುಹೋಗುವಾಗ ಎಲ್ಲಿ ನಿಂತು ನೋಡುತ್ತಾರೆ ಎಂಬುದು ಆ ದಿನ ಗೊತ್ತಾಗುತ್ತದೆ. ಕಂಪ್ಯೂಟರಿನ ಮೂರು ಆಯಾಮದ ಚಿತ್ರ ಅದನ್ನು ತೋರಿಸಿಕೊಡುವುದಿಲ್ಲ.

ಚಿತ್ರವನ್ನು ಎಷ್ಟು ಎತ್ತರದಲ್ಲಿ ಹಾಕಬೇಕು?

ಚಿತ್ರದ ನಡುಬಿಂದು ನೆಲದಿಂದ ಸುಮಾರು 145 ಸೆಂಟಿಮೀಟರ್ ಇರಲಿ. ಪಾಶ್ಚಾತ್ಯ ಗ್ಯಾಲರಿಗಳಲ್ಲಿ 150ರ ಆಸುಪಾಸು ರೂಢಿಯಲ್ಲಿದೆ. ನಮ್ಮ ನೋಡುಗರ ಎತ್ತರಕ್ಕೆ ತುಸು ಇಳಿಸುವುದು ಒಳ್ಳೆಯದು. ಮಕ್ಕಳೇ ಹೆಚ್ಚು ಬರುವ ಕಡೆ ಇನ್ನೂ ಕೆಳಗೆ. ಕೆಳ ಅಂಚುಗಳನ್ನು ಒಂದೇ ಸಾಲಿಗೆ ತರುವ ಆಸೆ ಹಲವರಿಗೆ ಇರುತ್ತದೆ, ಆದರೆ ಅಳತೆ ಬೇರೆ ಬೇರೆ ಇದ್ದಾಗ ನಡುಬಿಂದು ಒಂದೇ ಸಾಲಿನಲ್ಲಿದ್ದರೆ ಕಣ್ಣಿಗೆ ಹಿತ.

ಮ್ಯೂಸಿಯಂ ಒಳಗೆ ಯಾಕೆ ಅಷ್ಟು ಕತ್ತಲೆ? ಕರೆಂಟು ಉಳಿಸುತ್ತಾರೆಯೇ?

ವಸ್ತುವನ್ನು ಉಳಿಸುತ್ತಾರೆ. ಬೆಳಕು ಬಟ್ಟೆ, ಕಾಗದ, ಜಲವರ್ಣ, ನೈಸರ್ಗಿಕ ಬಣ್ಣಗಳನ್ನು ಸವೆಸುತ್ತದೆ. ಹಾನಿ ದಿನದಿನಕ್ಕೂ ಕೂಡುತ್ತ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ಇಂಥ ವಸ್ತುಗಳಿಗೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಎಂಬುದು ಬಹುಕಾಲದ ರೂಢಿ. ಲೆಕ್ಕ ಹಾಕಿ ನೋಡಿ: 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಇಟ್ಟ ಸೀರೆಗೆ 1,20,000 ಲಕ್ಸ್-ಗಂಟೆ ಬೀಳುತ್ತದೆ. ಬೆಳಕನ್ನು 200ಕ್ಕೆ ಏರಿಸಿದರೆ ಅಷ್ಟೇ ಹಾನಿ ಮೂರು ತಿಂಗಳಲ್ಲಿ ಆಗಿಹೋಗುತ್ತದೆ. ಕಲ್ಲು, ಲೋಹಗಳಿಗೆ ಈ ಭಯವಿಲ್ಲ.

ಬಿಸಿಲಿನಿಂದ ಒಳಬಂದವರಿಗೆ 50 ಲಕ್ಸ್ ಕತ್ತಲೆಯೇ ಅನಿಸುತ್ತದೆ, ಯಾಕೆಂದರೆ ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ಕಣ್ಣು ಒಗ್ಗಲು ಕೆಲವು ನಿಮಿಷ ಕೊಡಬೇಕು. ಆದ್ದರಿಂದ ಪ್ರವೇಶದಲ್ಲಿ ಪೀಠಿಕೆಯ ಫಲಕ, ನಕಾಶೆಗಳನ್ನಿಟ್ಟು ಬೆಳಕನ್ನು ಹಂತಹಂತವಾಗಿ ಇಳಿಸುತ್ತ ಒಳಗೆ ಕರೆದೊಯ್ಯುತ್ತೇನೆ. ಮಂದ ಬೆಳಕು ಚಿತ್ರಕ್ಕೆ ಒದಗಿಬರುವುದೂ ಉಂಟು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಳದನ್‌ಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ನೆನಪಿಸಿಕೊಳ್ಳಿ. ಅದು ಜಲವರ್ಣ. ಸುತ್ತ ಕತ್ತಲೆ ಇದ್ದಾಗಲೇ ಆ ದೀಪ ಉರಿಯುವುದು.

ಶಾಸನ, ವೀರಗಲ್ಲುಗಳ ಮುಂದೆ ನಿಂತರೆ ನಮಗೆ ಬರೀ ಕಲ್ಲು ಕಾಣುತ್ತದೆ. ಅದನ್ನು ತೋರಿಸುವ ಬಗೆ ಇಲ್ಲವೇ?

ಇದೆ. ನನಗೆ ಈ ಪ್ರಶ್ನೆಯಷ್ಟು ಪ್ರಿಯವಾದದ್ದು ಇನ್ನೊಂದಿಲ್ಲ.

ಮೊದಲನೆಯದು ಬೆಳಕು. ನಮ್ಮ ಹೆಚ್ಚಿನ ಸಂಗ್ರಹಾಲಯಗಳಲ್ಲಿ ಕಲ್ಲಿನ ಎದುರಿಗೇ, ಚಾವಣಿಯ ಟ್ಯೂಬ್‌ಲೈಟ್‌ನಿಂದ ಬೆಳಕು ಬೀಳುತ್ತದೆ. ಎದುರು ಬೆಳಕಿನಲ್ಲಿ ಕೆತ್ತನೆಯ ತಗ್ಗುಗಳಿಗೆ ನೆರಳೇ ಇರುವುದಿಲ್ಲ, ಅಕ್ಷರ ಮಾಯವಾಗುತ್ತದೆ. ದೀಪವನ್ನು ಕಲ್ಲಿನ ಮಗ್ಗುಲಿಗೆ ತಂದು, ಮೇಲ್ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಹಿಡಿದರೆ ಪ್ರತಿ ಅಕ್ಷರದ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಅಂಚು ಕಪ್ಪಾಗುತ್ತದೆ. ದೀಪವನ್ನು ಒಂದು ಗೇಣು ಮುಂದೆ ಹಿಂದೆ ಸರಿಸುತ್ತಿದ್ದ ಹಾಗೆ ಸಾಲಿಗೆ ಸಾಲೇ ಎದ್ದುಬರುವುದನ್ನು ನೋಡಿದ ಎಲೆಕ್ಟ್ರಿಷಿಯನ್‌ಗಳು ಆಮೇಲೆ ತಾವೇ ದೀಪದ ಕೋನ ಹುಡುಕಲು ನಿಲ್ಲುತ್ತಾರೆ. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ, ಎಣ್ಣೆ ಬಳಿಯುವುದು ಮಾತ್ರ ಕೂಡದು. ಕಲ್ಲಿಗೂ ಕೇಡು, ಮುಂದೆ ಓದುವ ಶಾಸನತಜ್ಞರಿಗೂ ಕೇಡು.

ಎರಡನೆಯದು ಓದುವ ದಿಕ್ಕು. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ನೋಡುವವರು ಅಭ್ಯಾಸಬಲದಿಂದ ಮೇಲಿನಿಂದ ಶುರುಮಾಡುತ್ತಾರೆ, ಕಥೆ ತಲೆಕೆಳಗಾಗುತ್ತದೆ. ಒಂದು ದೀಪವನ್ನು ಕೆಳಗಿನ ಅಂಕಣಕ್ಕೆ ತುಸು ಹೆಚ್ಚು ಕೊಟ್ಟು, ಲೇಬಲನ್ನು ಕಲ್ಲಿನ ಬುಡದ ಹತ್ತಿರ ಓರೆಯಾಗಿ ಇಟ್ಟು, ಮೂರು ಅಂಕಣಗಳ ರೇಖಾಚಿತ್ರಕ್ಕೆ ಕೆಳಗಿನಿಂದ ಸಂಖ್ಯೆ ಹಾಕಿದರೆ ಕಣ್ಣು ತಾನಾಗಿ ಮೇಲೇರುತ್ತದೆ.

ಎಲ್ಲ ಕಲ್ಲಿಗೂ ಈ ಸೂತ್ರ ಹೊಂದುವುದಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನದಲ್ಲಿ ಹಂದಿಯೊಡನೆ ಸೆಣಸುತ್ತಿರುವ ನಾಯಿ ಇದೆ. ಹತ್ತನೆಯ ಶತಮಾನದ, ಮಂಡ್ಯ ಸೀಮೆಯ ಆ ನಾಯಿಯ ಹೆಸರು ಕಾಳಿ. ಒಡೆಯ ಮಣಲೇರ ತನ್ನ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಅದರೊಟ್ಟಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಚೋಳರ ಯುದ್ಧದ ರಾಜಕೀಯವೂ ಅಲ್ಲಿದೆ. ಲೇಬಲಿನ ಮೊದಲ ಸಾಲಿನಲ್ಲಿ ರಾಜವಂಶದ ಹೆಸರು ಬರಬೇಕೇ, ಕಾಳಿಯ ಹೆಸರು ಬರಬೇಕೇ? ನಾನಾದರೆ ಕಾಳಿಯಿಂದಲೇ ಶುರುಮಾಡುತ್ತೇನೆ. ಕಾಳಿಗಾಗಿ ನಿಂತವರು ಕೃಷ್ಣನವರೆಗೂ ಓದುತ್ತಾರೆ.

ಕಲ್ಲಿನ ಪಕ್ಕದಲ್ಲಿ ಅದರ ಪಡಿಯಚ್ಚು, ಅಂದರೆ ಕಾಗದದ ಮೇಲೆ ಮಸಿಯಿಂದ ತೆಗೆದ ಅಚ್ಚು, ತೂಗುಹಾಕುವುದು ಸುಲಭವಾದ, ಅಗ್ಗವಾದ ಉಪಾಯ. ಈಗ ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಅಕ್ಷರವೂ ಅದರಲ್ಲಿ ಸ್ಪಷ್ಟವಾಗುತ್ತದೆ. ಪ್ರದರ್ಶನಗಳಲ್ಲಿ ಇಂಥ ಸ್ಕ್ಯಾನ್‌ಗಳು ಇನ್ನೂ ಹೆಚ್ಚು ಬಳಕೆಯಾಗಬೇಕು.

ಕನ್ನಡದ ಫಲಕ ಯಾವಾಗಲೂ ಇಂಗ್ಲಿಷಿಗಿಂತ ಕಷ್ಟವಾಗಿ, ಚಿಕ್ಕದಾಗಿ ಇರುತ್ತದೆ. ಯಾಕೆ ಹೀಗೆ?

ಕೊನೆಗೆ ಬರೆಯುವುದರಿಂದ. ಇಂಗ್ಲಿಷ್ ಪಠ್ಯ ಅಂತಿಮವಾಗಿ, ವಿನ್ಯಾಸ ಮುಗಿದು, ಉದ್ಘಾಟನೆಗೆ ವಾರವಿರುವಾಗ ಅನುವಾದಕ್ಕೆ ಕಳಿಸುತ್ತಾರೆ. ಬಂದ ಅನುವಾದವನ್ನು ಇಂಗ್ಲಿಷಿಗೆಂದು ಅಳೆದ ಚೌಕದೊಳಗೆ ತುರುಕುತ್ತಾರೆ. ಒಪ್ಪಂದದ ಹಂತದಲ್ಲೇ ನಾನು ಕೇಳುವ ಷರತ್ತು ಇದು: ಕನ್ನಡ ಪಠ್ಯವನ್ನು ಕನ್ನಡದಲ್ಲೇ ಯೋಚಿಸುವವರು ಬರೆಯಬೇಕು, ಮತ್ತು ಅದು ಇಂಗ್ಲಿಷಿನ ಜೊತೆಗೇ ನನ್ನ ಕೈ ಸೇರಬೇಕು. ಪುರಾತತ್ತ್ವದ ಪರಿಭಾಷೆಯೆಲ್ಲ ತುಂಬಿದ ವಾಕ್ಯ ಪ್ರಬಂಧಕ್ಕೆ ಸರಿ. ಗೋಡೆಯ ಮೇಲೆ ಅದನ್ನು ಯಾರೂ ಓದುವುದಿಲ್ಲ.

ಲಿಪಿಯ ಬೇಡಿಕೆಗಳೂ ಬೇರೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಗುಣಿತದ ಗುರುತು ಮೇಲೇರುತ್ತದೆ. ಇಂಗ್ಲಿಷಿಗೆ ಇಟ್ಟ ಸಾಲಂತರವನ್ನೇ ಕನ್ನಡಕ್ಕೂ ಇಟ್ಟರೆ 'ರಾಷ್ಟ್ರಕೂಟ'ದ ಒತ್ತುಗಳು ಕೆಳಗಿನ ಸಾಲಿನ ದೀರ್ಘದ ಮೇಲೆ ಕೂರುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಂತರ ನನ್ನ ಕನಿಷ್ಠ. ಒಂದು ಮೀಟರ್ ದೂರದಿಂದ ಓದುವ ಲೇಬಲಿಗೆ 24 ಪಾಯಿಂಟ್‌ಗಿಂತ ಕೆಳಗೆ ಹೋಗುವುದಿಲ್ಲ. ಪದಸಂಖ್ಯೆಯ ಮಿತಿಯನ್ನೂ ಇಂಗ್ಲಿಷಿನಿಂದ ಎತ್ತಿಕೊಳ್ಳಬಾರದು, ಏಕೆಂದರೆ ನಮ್ಮಲ್ಲಿ ವಿಭಕ್ತಿ ಸೇರಿ ಪದಗಳು ಉದ್ದವಾಗುತ್ತವೆ. ನಾನು ಸಾಲುಗಳನ್ನು ಎಣಿಸುತ್ತೇನೆ, ವಸ್ತುವಿನ ಲೇಬಲಿಗೆ ಆರೇಳು ಸಾಲು ಸಾಕು.

ತಾಂತ್ರಿಕ ತೊಡಕುಗಳು ಇನ್ನೂ ಇವೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡ್ ಶೈಲಿಗೆ ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬರುತ್ತದೆ. ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಸಂಯೋಜನೆಯನ್ನು ಆರಿಸಿಕೊಳ್ಳದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿರುತ್ತದೆ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಅರ್ಕಾವೊತ್ತು ಬೇರೆ ಅಕ್ಷರದ ಪಕ್ಕಕ್ಕೆ ಹೋಗಿರಬಹುದು. ಆದ್ದರಿಂದ ಅಕ್ಷರಗಳನ್ನು ಆಕೃತಿಗಳಾಗಿ ಬದಲಾಯಿಸಿದ ಕಡತವನ್ನೇ ಕಳಿಸಿ, ಕಾಗದದ ಮೇಲೆ ನಿಜ ಅಳತೆಯ ಪ್ರೂಫ್ ತರಿಸಿ, ಕನ್ನಡ ಬಲ್ಲ ಇಬ್ಬರು ಅದನ್ನು ಗಟ್ಟಿಯಾಗಿ ಓದಬೇಕು. ವಿನೈಲ್ ಕತ್ತರಿಸಿ ಗೋಡೆಗೆ ಅಂಟಿಸುವಾಗ ಇನ್ನೊಂದು ಎಚ್ಚರ: ಪುಟ್ಟ ಒತ್ತುಗಳ ಸುರುಳಿಗಳೇ ಮೊದಲು ಸುಲಿದು ಬರುವುದು. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕನ್ನಡ ಅಕ್ಷರವನ್ನು ನಾನು ವಿನೈಲ್‌ನಲ್ಲಿ ಕತ್ತರಿಸುವುದಿಲ್ಲ, ಮುದ್ರಿಸುತ್ತೇನೆ.

ಟಚ್‌ಸ್ಕ್ರೀನ್, ಪ್ರೊಜೆಕ್ಷನ್ ಹಾಕಿದರೆ ಮಕ್ಕಳು ಬರುತ್ತಾರಲ್ಲವೇ?

ಬರುತ್ತಾರೆ. ಕೆಟ್ಟುನಿಂತ ಪರದೆ ಕಂಡರೆ ಬೇಸರದಿಂದ ಹೋಗುತ್ತಾರೆ ಕೂಡ. ಪರದೆ ಇಡುವ ಮೊದಲು ನಾನು ಕೇಳುವುದು: ಮೂರನೆಯ ವರ್ಷದಲ್ಲಿ ಇದನ್ನು ದುರಸ್ತಿ ಮಾಡುವವರು ಯಾರು, ಅದಕ್ಕೆ ಹಣ ತೆಗೆದಿಟ್ಟಿದ್ದೀರಾ? ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ 1960ರ ದಶಕದಿಂದ ಮಕ್ಕಳನ್ನು ಸೆಳೆಯುತ್ತಿದೆ. ಕೈಯಿಂದ ತಿರುಗಿಸುವ, ಎಳೆಯುವ, ಒತ್ತುವ ಮಾದರಿಗಳ ಮುಂದೆ ಇಂದಿಗೂ ಮಕ್ಕಳು ಮುಗಿಬೀಳುತ್ತಾರೆ. ಶಬ್ದವನ್ನು ಕುರಿತ ಪ್ರದರ್ಶನವಾದರೆ ಮಾತು ಬೇರೆ: 2019ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ತೆರೆದ ಸಂಗೀತ ಸಂಗ್ರಹಾಲಯಕ್ಕೆ ಕೇಳಿಸುವ ಉಪಕರಣವಿಲ್ಲದೆ ಅರ್ಥವೇ ಇಲ್ಲ. ಅಲ್ಲಿಯ ಸವಾಲು ಒಂದರ ಧ್ವನಿ ಇನ್ನೊಂದಕ್ಕೆ ಹರಿಯದಂತೆ ನೋಡಿಕೊಳ್ಳುವುದು.

ಗಾಲಿಕುರ್ಚಿಯವರು, ಕಣ್ಣು ಕಾಣದವರು ಬಂದರೆ?

ಅವರು ಬಂದೇ ಬರುತ್ತಾರೆ ಎಂದುಕೊಂಡು ಮೊದಲ ನಕ್ಷೆ ಬರೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಹೊಣೆಯಾಗಿಸಿದೆ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು. ಮೇಜಿನಾಕಾರದ ಶೋಕೇಸ್‌ಗಳ ಕೆಳಗೆ ಮೊಣಕಾಲು ಹೋಗುವಂತಿರಬೇಕು. ಮುಟ್ಟಿ ನೋಡುವ ಪ್ರತಿಕೃತಿ, ಕನ್ನಡ ಬ್ರೈಲ್ ಫಲಕ, ಧ್ವನಿ ವಿವರಣೆ ದುಬಾರಿಯಲ್ಲ. ಕೊನೆಗೆ ಸೇರಿಸಲು ಹೋದಾಗ ಮಾತ್ರ ದುಬಾರಿ. ಮುಟ್ಟುವ ಪ್ರತಿಕೃತಿ ಇಟ್ಟ ಕಡೆ ಕಣ್ಣು ಕಾಣುವವರೂ ಹೆಚ್ಚು ಹೊತ್ತು ನಿಲ್ಲುತ್ತಾರೆ.

## ಕಟ್ಟಡ, ಹವೆ, ಸಾಮಗ್ರಿ

ನಮ್ಮ ಮ್ಯೂಸಿಯಂ ಹಳೆಯ ಬಂಗಲೆಯಲ್ಲಿದೆ. ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಏನು ಮಾಡೋಣ?

ಬಿಡದಿರುವುದೇ ಸರಿ. ಕರ್ನಾಟಕದ ಎಷ್ಟೋ ಸಂಗ್ರಹಾಲಯಗಳು ಅರಮನೆ, ಬಂಗಲೆಗಳಲ್ಲೇ ಇವೆ: ಜಗನ್ಮೋಹನ, ಜಯಲಕ್ಷ್ಮೀ ವಿಲಾಸ, ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಸುಣ್ಣದ ಗಾರೆಯ ಗೋಡೆಗೆ ಡ್ರಿಲ್ ಹಿಡಿದರೆ ಅಂಗೈಯಗಲ ಉದುರುತ್ತದೆ, ಅದನ್ನು ಸಿಮೆಂಟಿನಿಂದ ತುಂಬಿದರೆ ತೇವ ಒಳಗೇ ಕೂತು ಸುತ್ತಲಿನ ಗಾರೆಯನ್ನೂ ಕೆಡಿಸುತ್ತದೆ. ಗೋಡೆಯನ್ನು ಮುಟ್ಟದೆ ತಾನಾಗಿ ನಿಲ್ಲುವ ಚೌಕಟ್ಟು ಕಟ್ಟಿ; ಬುಡಕ್ಕೆ ಭಾರ ಕೊಡಿ, ನೆಲಕ್ಕೆ ರಬ್ಬರ್ ಹಾಸು ಹಾಕಿ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ.

ಮೇಲಂತಸ್ತಿನಲ್ಲಿ ಮದ್ರಾಸ್ ಟೆರೇಸ್ ನೆಲ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ನೆಲ, ಇದ್ದರೆ ಭಾರದ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಿ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಕಲ್ಲಿನ ವಿಗ್ರಹಗಳೆಲ್ಲ ಕೆಳಗೇ ಇರಲಿ.

ಎ.ಸಿ. ಹಾಕಿಸಿದ್ದೇವೆ. ತೇವದ ಚಿಂತೆ ಮುಗಿಯಿತಲ್ಲವೇ?

ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದೂವರೆಗೆ ಆರಿಸುವ ಎ.ಸಿ. ಇಲ್ಲದಿದ್ದರೇ ಮೇಲು. ಹಗಲು ಒಣಗಿ ರಾತ್ರಿ ತೇವವಾಗುವ ಏರಿಳಿತದಲ್ಲಿ ಮರ ಸೀಳುತ್ತದೆ, ಬಣ್ಣದ ಪದರ ಏಳುತ್ತದೆ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿಯಲ್ಲಿನ ತೇವದ ಪ್ರಮಾಣ, 40ರಿಂದ 60 ಪ್ರತಿಶತದ ನಡುವೆ, ನಿಧಾನವಾಗಿ ಬದಲಾಗುವಂತಿದ್ದರೆ ಹೆಚ್ಚಿನ ವಸ್ತುಗಳಿಗೆ ಸಾಕು. 65 ದಾಟಿ ನಿಂತರೆ ಬೂಷ್ಟು ಶುರು. ಬೆಂಗಳೂರಿನಲ್ಲಿ ಇದನ್ನು ಸಂಭಾಳಿಸಬಹುದು. ಮಂಗಳೂರು, ಉಡುಪಿಯ ಮಳೆಗಾಲ ಬೇರೆಯೇ. ಅಲ್ಲಿ ಇಡೀ ಕೋಣೆಯನ್ನು ಒಣಗಿಸಲು ಹೋಗುವ ಬದಲು ತಾಳೆಗರಿ, ಕಾಗದಗಳನ್ನು ಬಿಗಿಯಾದ ಶೋಕೇಸ್‌ನಲ್ಲಿಟ್ಟು ಕೆಳಗಿನ ಗುಪ್ತ ಖಾನೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇನೆ. ಆ ಖಾನೆಯನ್ನು ವಸ್ತು ಅಲುಗಾಡಿಸದೆ ಹಿಂದಿನಿಂದ ತೆರೆಯುವಂತಿರಬೇಕು. ಇಲ್ಲದಿದ್ದರೆ ಜೆಲ್ ಬದಲಾಯಿಸುವ ಕೆಲಸ ಎರಡನೆಯ ಮಳೆಗಾಲಕ್ಕೇ ನಿಂತುಹೋಗುತ್ತದೆ.

ಶೋಕೇಸ್‌ಗೆ ಒಳ್ಳೆಯ ಪ್ಲೈವುಡ್ ಹಾಕಿದರೆ ಏನು ತೊಂದರೆ?

ಪ್ಲೈವುಡ್, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಕೆಲವು ಅಂಟು ಮತ್ತು ಬಣ್ಣಗಳು ತಿಂಗಳುಗಟ್ಟಲೆ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸವನ್ನು, ಕಾಗದವನ್ನು ತಿನ್ನುತ್ತದೆ. ಉಣ್ಣೆ ಬಟ್ಟೆ ಹಾಸಿದರೆ ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ: ಸಾಮಗ್ರಿಯ ತುಣುಕನ್ನು ಬೆಳ್ಳಿ, ತಾಮ್ರ, ಸೀಸದ ಚೂರುಗಳೊಂದಿಗೆ ಮುಚ್ಚಿದ ಗಾಜಿನ ಕೊಳವೆಯಲ್ಲಿ 60 ಡಿಗ್ರಿಯಲ್ಲಿ 28 ದಿನ ಇಟ್ಟು ಲೋಹಗಳು ಕೆಟ್ಟವೇ ಎಂದು ನೋಡುವುದು. ಅಷ್ಟು ಮಾಡಲಾಗದಿದ್ದರೆ ಒಳಭಾಗಕ್ಕೆ ಪೌಡರ್ ಕೋಟ್ ಮಾಡಿದ ಲೋಹ, ಗಾಜು, ಅಕ್ರಿಲಿಕ್ ಬಳಸಿ. ಬಣ್ಣ ಹಚ್ಚಿದ್ದರೆ ವಸ್ತು ಇಡುವ ಮೊದಲು ಕೆಲವು ವಾರ ಬಾಗಿಲು ತೆರೆದಿಡಿ. ಉದ್ಘಾಟನೆಯ ಹಿಂದಿನ ರಾತ್ರಿ ಬಣ್ಣ ಹಚ್ಚುವ ನಮ್ಮ ರೂಢಿ ಮೊದಲು ನಿಲ್ಲಬೇಕು.

ತಾತನ ಕಾಲದ ಪಾತ್ರೆ, ಪತ್ರ, ಫೋಟೋ ತುಂಬ ಇವೆ. ಹಳೆಯ ಮನೆಯಲ್ಲೇ ಸಣ್ಣ ಸಂಗ್ರಹಾಲಯ ಮಾಡಬಹುದೇ? ದುಡ್ಡು ಹೆಚ್ಚಿಲ್ಲ.

ಮಾಡಿ. ಎಚ್.ಎಲ್. ನಾಗೇಗೌಡರು ರಾಮನಗರದ ಜಾನಪದ ಲೋಕವನ್ನು, ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ಗ್ರಾಮವನ್ನು ಕಟ್ಟಿದ್ದು ಹಳೆಯ ವಸ್ತುಗಳ ಮೇಲಿನ ಹಟದ ಪ್ರೀತಿಯಿಂದ.

ವಿನ್ಯಾಸಕಾರರನ್ನು ಕರೆಯುವ ಮೊದಲು ಒಂದು ನೋಟುಪುಸ್ತಕ ತನ್ನಿ. ಪ್ರತಿ ವಸ್ತುವಿಗೆ ಸಂಖ್ಯೆ, ಒಂದು ಫೋಟೋ, ಯಾರು ಬಳಸುತ್ತಿದ್ದರು, ಯಾವುದಕ್ಕೆ ಬಳಸುತ್ತಿದ್ದರು, ಯಾವ ಹೆಸರಿನಿಂದ ಕರೆಯುತ್ತಿದ್ದರು ಎಂದು ಬರೆಯಿರಿ. ಮನೆಯ ಹಿರಿಯರು ಇರುವಾಗಲೇ ಬರೆದುಕೊಳ್ಳಿ. ಹಳೆಯ ಪತ್ರಗಳ ಮೂಲವನ್ನು ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ಪ್ರತಿ ಹಾಕಿ. ಕಿಟಕಿಯ ಬಿಸಿಲಿಗೆ ಖಾದಿ ಪರದೆ ಇಳಿಬಿಡಿ. ಅಡುಗೆಮನೆಯ ವಸ್ತು ಅಡುಗೆಮನೆಯಲ್ಲೇ, ಜಗುಲಿಯದು ಜಗುಲಿಯಲ್ಲೇ ಇರಲಿ. ಶೋಕೇಸ್‌ನ ಖರ್ಚು ಅರ್ಧ ಉಳಿಯುತ್ತದೆ. ನೂರು ವರ್ಷ ದಾಟಿದ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವಿಗ್ರಹ, ಹಸ್ತಪ್ರತಿಗಳಿದ್ದರೆ ನೋಂದಣಿಯ ಬಗ್ಗೆ ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

## ಹಣ ಮತ್ತು ಕಾನೂನು

ಎಷ್ಟು ಶುಲ್ಕ ಕೇಳಬೇಕು? ಚದರ ಅಡಿಗೆ ಇಷ್ಟು ಎಂದು ಹೇಳಬಹುದೇ?

ಚದರ ಅಡಿಯ ಲೆಕ್ಕ ಒಳಾಂಗಣ ಅಲಂಕಾರದಿಂದ ಬಂದದ್ದು, ಇಲ್ಲಿಗೆ ಹೊಂದುವುದಿಲ್ಲ. ಸಣ್ಣ ಕೋಣೆಯಲ್ಲಿ ನೂರು ನಾಣ್ಯಗಳಿದ್ದರೆ ದೊಡ್ಡ ಸಭಾಂಗಣದ ನಾಲ್ಕು ಶಿಲ್ಪಗಳಿಗಿಂತ ಕೆಲಸ ಹೆಚ್ಚು. ಹಂತಗಳಿಗೆ ಮೊತ್ತ ನಿಗದಿಮಾಡಿ: ಮುಂಗಡ, ಪರಿಕಲ್ಪನೆ ಒಪ್ಪಿಗೆಯಾದಾಗ, ವಿವರ ನಕ್ಷೆ ಕೊಟ್ಟಾಗ, ಜೋಡಣೆ ಮುಗಿದಾಗ. ಕೊನೆಯ ಕಂತು ಚಿಕ್ಕದಾಗಿರಲಿ, ತಡವಾಗುವುದು ಅದೇ. ಎಷ್ಟು ಸಲ ತಿದ್ದುಪಡಿ, ಸ್ಥಳಕ್ಕೆ ಎಷ್ಟು ಭೇಟಿ ಎಂಬುದನ್ನು ಬರೆದಿಡಿ. ಗುತ್ತಿಗೆದಾರರಿಂದ ಕಮಿಷನ್ ಪಡೆಯಬೇಡಿ. ಪಡೆದ ದಿನದಿಂದ ಕಳಪೆ ಕೆಲಸವನ್ನು ತಿರಸ್ಕರಿಸುವ ಬಾಯಿ ನಿಮಗಿರುವುದಿಲ್ಲ.

ಪಾವತಿಸುವವರು ಸಾಮಾನ್ಯವಾಗಿ 10% ಟಿಡಿಎಸ್ ಕಳೆಯುತ್ತಾರೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವಿನ್ಯಾಸ ಸೇವೆಗೆ ದರ 18%. ಕೊಟೇಶನ್‌ನಲ್ಲಿ ತೆರಿಗೆಯನ್ನು ಬೇರೆಯಾಗಿ ತೋರಿಸಿ.

ಸರ್ಕಾರಿ ಮ್ಯೂಸಿಯಂಗಳ ಕೆಲಸ ಒಬ್ಬರೇ ಹಿಡಿಯಬಹುದೇ?

ನೇರವಾಗಿ ಕಷ್ಟ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯುತ್ತಾರೆ. ಠೇವಣಿ, ಹಿಂದಿನ ವರ್ಷಗಳ ವಹಿವಾಟು, ಇಂಥದ್ದೇ ಕೆಲಸ ಮಾಡಿದ ಪ್ರಮಾಣಪತ್ರ ಕೇಳುತ್ತಾರೆ. ವಿನ್ಯಾಸ ಮತ್ತು ನಿರ್ಮಾಣ ಎರಡನ್ನೂ ಒಂದೇ ಟೆಂಡರಿನಲ್ಲಿ ಸೇರಿಸಿ ಕಡಿಮೆ ದರದವರಿಗೆ ಕೊಟ್ಟರೆ ವಿನ್ಯಾಸಕ್ಕೆ ಏನೂ ಉಳಿಯುವುದಿಲ್ಲ. ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಡುವ ಪದ್ಧತಿ ಇದೆ. ಇಲಾಖೆಯವರು ಸಲಹೆ ಕೇಳಿದಾಗಲೆಲ್ಲ ನಾನು ಅದನ್ನೇ ಒತ್ತಿ ಹೇಳುತ್ತೇನೆ. ಸ್ವತಂತ್ರರಾಗಿರುವವರು ನಿರ್ಮಾಣ ಸಂಸ್ಥೆಯ ಜೊತೆ ವಿನ್ಯಾಸ ಸಲಹೆಗಾರರಾಗಿ ಸೇರುವುದು ನಡೆಯುವ ದಾರಿ. ಹಾಗೆ ಸೇರುವಾಗ ನಿಮ್ಮ ಹಣ ಮತ್ತು ಹೆಸರು ಎರಡನ್ನೂ ಲಿಖಿತವಾಗಿ ಪಡೆಯಿರಿ.

ಉದ್ಘಾಟನೆ ಆಗಿ ತಿಂಗಳುಗಳಾದವು, ದುಡ್ಡು ಬರಲಿಲ್ಲ. ಏನು ದಾರಿ?

ದಾರಿ ಕೆಲಸಕ್ಕೆ ಮೊದಲೇ ತೆರೆದಿರಬೇಕು. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಉಚಿತ. ಒಬ್ಬರೇ ಸೇವೆ ಕೊಡುವವರೂ ಕಿರು ಉದ್ಯಮವಾಗಿ ನೋಂದಾಯಿಸಬಹುದು. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ, ಲಿಖಿತ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕೆಲಸ ಸ್ವೀಕರಿಸಿದ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ದಿನಾಂಕವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರದ ಸಣ್ಣ ಉದ್ಯಮಗಳ ಸಚಿವಾಲಯದ ಜಾಲತಾಣದಲ್ಲಿ ದೂರು ಕೊಡಬಹುದು. ಇದಕ್ಕೆಲ್ಲ ಆಧಾರ ಒಂದೇ: ಕೆಲಸ ಮುಗಿದಿದೆ ಎಂದು ಅವರಿಂದ ಬಂದ ಇಮೇಲ್ ಅಥವಾ ಸಹಿ. ಉದ್ಘಾಟನೆಯ ಸಂಭ್ರಮದಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಆ ದಿನವೇ ಕೇಳಿ. ಒಳ್ಳೆಯ ಮನಸ್ಸಿನಲ್ಲಿರುತ್ತಾರೆ, ಕೊಡುತ್ತಾರೆ.

ಫಲಕಗಳಲ್ಲಿ ಚಿತ್ರ, ಫೋಟೋ ಬಳಸಲು ಅನುಮತಿ ಬೇಕೇ? ನಮ್ಮ ವಿನ್ಯಾಸದ ಹಕ್ಕು ಯಾರದು?

ಚಿತ್ರದ ಒಡೆತನ ಬೇರೆ, ಕೃತಿಸ್ವಾಮ್ಯ ಬೇರೆ. ಸಂಗ್ರಾಹಕರು ಚಿತ್ರವನ್ನು ಎರವಲು ಕೊಟ್ಟ ಮಾತ್ರಕ್ಕೆ ಅದನ್ನು ಬ್ಯಾನರಿನಲ್ಲಿ ಮುದ್ರಿಸುವ ಹಕ್ಕು ಬರುವುದಿಲ್ಲ. ಭಾರತದಲ್ಲಿ ಕಲಾಕೃತಿಯ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ನಂತರ 60 ವರ್ಷ. 1906ರಲ್ಲಿ ತೀರಿಕೊಂಡ ರವಿವರ್ಮನ ಚಿತ್ರಗಳಿಗೆ ಆ ಅವಧಿ ಮುಗಿದು ಎಷ್ಟೋ ಕಾಲವಾಯಿತು. 1996ರಲ್ಲಿ ನಿಧನರಾದ ಕಲಾವಿದ ಕೆ.ಕೆ. ಹೆಬ್ಬಾರರ ಕೃತಿಗಳಿಗೆ 2056ರ ಕೊನೆಯವರೆಗೂ ಇದೆ.

ನಿಮ್ಮ ನಕ್ಷೆಗಳ ಕೃತಿಸ್ವಾಮ್ಯ, ನೀವು ಸಂಬಳದ ನೌಕರರಲ್ಲದಿದ್ದರೆ, ಸಾಮಾನ್ಯವಾಗಿ ನಿಮ್ಮದೇ. ಸರ್ಕಾರಕ್ಕಾಗಿ ಮಾಡಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸರ್ಕಾರದ್ದು. ಹಕ್ಕು ಬರೆದುಕೊಡುವುದಾದರೆ ಅವಧಿ ಮತ್ತು ಪ್ರದೇಶವನ್ನು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ, ಭಾರತದೊಳಗೆ ಎಂದು ಓದಿಕೊಳ್ಳುತ್ತದೆ.

ಎರವಲು ತಂದ ವಸ್ತುವಿಗೆ ಏಟಾದರೆ ಯಾರು ಹೊಣೆ?

ಒಪ್ಪಂದ ಯಾರನ್ನು ಹೇಳುತ್ತದೋ ಅವರು. ಆದ್ದರಿಂದ ವಸ್ತು ತನ್ನ ಮೊಳೆಯಿಂದ ಇಳಿದ ಕ್ಷಣದಿಂದ ಮತ್ತೆ ಅದೇ ಮೊಳೆಗೆ ಏರುವವರೆಗೆ ಇಡೀ ದಾರಿಗೆ ವಿಮೆ ಇರಬೇಕು, ಅದು ಸಂಸ್ಥೆಯ ಹೆಸರಿನಲ್ಲಿರಬೇಕು. ಪೆಟ್ಟಿಗೆ ತೆರೆಯುವಾಗ ಎರಡೂ ಕಡೆಯವರು ನಿಂತು ಸ್ಥಿತಿ ವರದಿ ಬರೆಯಬೇಕು: ಹಳೆಯ ಬಿರುಕು, ಕಲೆ, ಚೌಕಟ್ಟಿನ ಸಡಿಲ ಮೂಲೆ, ಎಲ್ಲದರ ಫೋಟೋ ದಿನಾಂಕದೊಂದಿಗೆ. ವಿನ್ಯಾಸಕಾರರು ವಸ್ತುವನ್ನು ಕೈಯಲ್ಲಿ ಮುಟ್ಟದಿರುವುದು ಒಳ್ಳೆಯದು. ನಿಕೊಲಸ್ ರೋರಿಕ್, ರವಿವರ್ಮ ಮುಂತಾದ ಕೆಲವು ಚಿತ್ರಕಲಾವಿದರ ಕೃತಿಗಳು ಕಾನೂನಿನಲ್ಲಿ ಕಲಾನಿಧಿಗಳೆಂದು ಘೋಷಿತವಾಗಿವೆ. ಸರ್ಕಾರದ ಅನುಮತಿಯಿಲ್ಲದೆ ಅವುಗಳನ್ನು ದೇಶದ ಹೊರಗೆ ಪ್ರದರ್ಶನಕ್ಕೂ ಒಯ್ಯುವಂತಿಲ್ಲ.

ಪ್ರದರ್ಶನ ಮುಗಿದ ಮೇಲೆ ಆ ಗೋಡೆ, ಪೀಠ, ಫಲಕಗಳೆಲ್ಲ ಎಲ್ಲಿಗೆ ಹೋಗುತ್ತವೆ?

ಹೆಚ್ಚಿನವು ಲಾರಿ ಹತ್ತಿ ಕಸಕ್ಕೆ, ಮತ್ತು ಇದು ನಮ್ಮ ವೃತ್ತಿಯ ದೊಡ್ಡ ಲೋಪ. ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆ, ಫ್ಲೆಕ್ಸ್, ವಿನೈಲ್ ಯಾವುದೂ ಮಣ್ಣಾಗುವುದಿಲ್ಲ. ಅಂಟಿನ ಬದಲು ಸ್ಕ್ರೂ ಮತ್ತು ನಟ್ಟು-ಬೋಲ್ಟ್ ಬಳಸಿ ಬಿಚ್ಚಿ ಕಟ್ಟುವಂತೆ ಮಾಡಿದರೆ ಅದೇ ಚೌಕಟ್ಟು ಹಲವು ಪ್ರದರ್ಶನ ಕಾಣುತ್ತದೆ. 8x4 ಅಡಿಯ ಹಲಗೆಯ ಅಳತೆಗೆ ಹೊಂದುವಂತೆ ಬರೆದರೆ ತುಂಡುಗಳು ಮಿಗುವುದಿಲ್ಲ. ಫಲಕಗಳಿಗೆ ಹತ್ತಿ ಬಟ್ಟೆ ಅಥವಾ ದಪ್ಪ ಕಾಗದದ ಮೇಲೆ ಮುದ್ರಿಸಬಹುದು. ಬಿಚ್ಚುವ ಖರ್ಚನ್ನೂ, ಬಿಚ್ಚಿದ್ದು ಯಾವ ಶಾಲೆಗೆ ಅಥವಾ ರಂಗತಂಡಕ್ಕೆ ಹೋಗುತ್ತದೆ ಎಂಬುದನ್ನೂ ನಾನು ಈಗ ಮೊದಲ ಅಂದಾಜುಪಟ್ಟಿಯಲ್ಲೇ ಒಂದು ಸಾಲಾಗಿ ಸೇರಿಸುತ್ತೇನೆ. ಗ್ರಾಹಕರು ಆ ಸಾಲನ್ನು ಹೊಡೆದುಹಾಕಲು ನೋಡಿದರೆ ಬೇರೆ ಯಾವುದಾದರೂ ಖರ್ಚು ಇಳಿಸೋಣ ಎನ್ನುತ್ತೇನೆ. ಹೆಚ್ಚಾಗಿ ಉದ್ಘಾಟನೆಯ ಹೂವಿನ ಅಲಂಕಾರದ ಮೊತ್ತ ಸಾಕಾಗುತ್ತದೆ.